ಅಂಗಳದ ಆಟದಲ್ಲಿ ಎಲ್ಲರಿಗೂ ಪಾಲು



ಕುರ್ಲಾದ ಚಾಳುಗಳ ನಡುವೆ ಇರುವ ಅಂಗನವಾಡಿಗಳು ನಮಗೆಲ್ಲ ಪರಿಚಿತ. ಆದರೆ ಆ ಹೆಸರಿನ ಬೇರು ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಗ್ರಾಮದಲ್ಲಿದೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ತೆರೆದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ಬಾಲವಾಡಿಗೆ ಬಾರದ ಬಡ ಮಕ್ಕಳಿದ್ದ ಕೇರಿಗೆ ಇವರೇ ಹೋಗಿ, ಅಂಗಳದಲ್ಲೇ ಆಟಪಾಠ ನಡೆಸಿದರು. ಮಗು ಬರಲಾಗದಿದ್ದರೆ ಶಾಲೆಯೇ ಮಗುವಿನ ಬಳಿ ಹೋಗಬೇಕು, ಇದು ಅವರ ನಿಲುವು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂತು. ಅಂಗನವಾಡಿ ದೇಶದ ಮಾತಾಯಿತು. ಯೋಜನೆ ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೆಂದೇ ಇತ್ತು. ಆದರೂ ಅಂಗವಿಕಲ ಮಕ್ಕಳು ಹೊರಗೇ ಉಳಿದರು. ಇದನ್ನು ಅಧ್ಯಯನ ಮಾಡಿ ತೋರಿಸಿದವರು ಮುಂಬಯಿಯ ಮಿಥು ಆಲೂರ್. ಮಿದುಳಿನ ಪಾರ್ಶ್ವವಾಯು ಇದ್ದ ಮಗಳ ತಾಯಿಯಾದ ಅವರು 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದ್ದರು. ಮೊದಲು ನಡೆಸಿದ್ದು ಪ್ರತ್ಯೇಕ ಶಾಲೆ. ಮುಂದೆ ಅದೇ ಸಂಸ್ಥೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಲಿ ಎಂಬ ದಾರಿ ಹಿಡಿಯಿತು. ಕುರ್ಲಾದ ಮುಂದಿನ ಸ್ಟೇಷನ್ ಸಯಾನ್. ಅದರ ಪಕ್ಕದ ಧಾರಾವಿಯ ಪುಟ್ಟ ಮಕ್ಕಳ ಶಾಲೆಗಳಲ್ಲೂ ಈ ಪ್ರಯೋಗ ನಡೆಯಿತು.

ಕಾನೂನುಗಳೂ ಬಂದವು: 1995ರಲ್ಲೊಂದು, 2016ರಲ್ಲಿ ಇನ್ನೂ ವಿಸ್ತಾರವಾದದ್ದು. 2023ರ ನವೆಂಬರಿನಲ್ಲಿ ದಿವ್ಯಾಂಗ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿ ಹೊರಬಿತ್ತು.

ಆದರೆ ಕಾನೂನು ಮಗುವನ್ನು ಬಾಗಿಲು ದಾಟಿಸಬಲ್ಲದು, ಗೆಳೆಯನನ್ನು ಕೊಡಲಾರದು. ಮೂಲೆಯಲ್ಲಿ ಕುಳಿತು ಉಳಿದವರ ಆಟ ನೋಡುವ ಮಗು ಒಳಗಿದ್ದೂ ಹೊರಗಿನದೇ. ಅಲ್ಲಿ ಬೇಕಾದದ್ದು ಟೀಚರಮ್ಮನ ಜಾಣ್ಮೆ. ಮೂರು ನಾಲ್ಕು ಮಕ್ಕಳ ಚಿಕ್ಕ ಗುಂಪು ಮಾಡುವುದು. ಓಡಲಾಗದ ಮಗುವಿದ್ದರೆ ಎಲ್ಲರೂ ನೆಲದ ಮೇಲೆ ಕುಳಿತು ಚೆಂಡು ಉರುಳಿಸುವುದು. ಮಾತು ತಡವಾಗುವ ಮಗುವಿನ ಉತ್ತರಕ್ಕೆ ಕಾಯಲು ಉಳಿದವರಿಗೆ ಕಲಿಸುವುದು. "ಅವನ ಕಾಲು ಯಾಕೆ ಹಾಗೆ?" ಎಂದು ಮಗುವೊಂದು ಕೇಳಿದರೆ ಗದರದೆ ಸರಳವಾಗಿ ಹೇಳುವುದು. ಎಲ್ಲ ಕೆಲಸವನ್ನೂ ಗೆಳೆಯರೇ ಮಾಡಿಕೊಡದಂತೆ, ತಟ್ಟೆ ಹಂಚುವ ಸರದಿ ಆ ಮಗುವಿಗೂ ಕೊಡುವುದು.

ಮೂರು ನಾಲ್ಕು ವರ್ಷದ ಮಕ್ಕಳಿಗೆ ಭೇದ ಕಾಣುತ್ತದೆ, ಆದರೆ ಅದಕ್ಕೆ ಅರ್ಥ ಹಚ್ಚುವವರು ನಾವು ದೊಡ್ಡವರು. ನಿಮ್ಮ ಚಾಳಿನಲ್ಲಿ ಮನೆಯೊಳಗೇ ಉಳಿದ ಅಂಥ ಮಗುವಿದ್ದರೆ, ಅದರ ತಾಯಿಗೆ ಅಂಗನವಾಡಿಯ ದಾರಿ ತೋರಿಸಿ. ನಿಮ್ಮ ಮಗುವನ್ನೂ ಅದರ ಪಕ್ಕದಲ್ಲೇ ಕೂರಿಸಿ.