ಶಹ ಕೊಟ್ಟಮಾತ್ರಕ್ಕೆ ಮಾತ್ ಆಯಿತೇ?

ಚದುರಂಗವನ್ನು ಹೊಸದಾಗಿ ಕಲಿತವರ ಆಟವನ್ನು ನೋಡುವುದೇ ಒಂದು ವಿನೋದ. ಎದುರಾಳಿಯ ಅರಸನಿಗೆ ಆನೆಯೋ ಮಂತ್ರಿಯೋ ನೇರವಾಗಿ ಗುರಿಯಿಟ್ಟಿತೆಂದರೆ ಸಾಕು, "ಮಾತ್!" ಎಂದು ಕೂಗಿ ಕಾಯಿಗಳನ್ನು ಡಬ್ಬಿಗೆ ತುಂಬಲು ಕೈಹಾಕುತ್ತಾರೆ. ಪಕ್ಕದಲ್ಲಿರುವ ಹಿರಿಯರು, "ತಡಿಯಪ್ಪ, ಅದು ಬರಿಯ ಶಹ, ಅರಸನಿಗೆ ಇನ್ನೂ ಮನೆ ಉಂಟು" ಎಂದು ತಡೆಯಬೇಕಾಗುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ಕೂಗಿದವನ ಧೈರ್ಯಕ್ಕೆ ಬೆದರಿ ಎದುರಿನವನೂ ಸೋತೆನೆಂದು ಎದ್ದುಬಿಡುವುದುಂಟು!

ಈ ಎರಡು ಮಾತುಗಳೂ ಪಾರಸಿಯಿಂದ ಬಂದವು. ಶಹ ಎಂದರೆ ಅರಸು. "ಅರಸನೇ, ಎಚ್ಚರ" ಎಂದು ಕೊಡುವ ಸೂಚನೆ ಅದು. ಮಾತ್ ಎಂದರೆ ದಿಕ್ಕು ತೋಚದವನಾಗುವುದು, ಕೈಸಾಗದೆ ನಿಲ್ಲುವುದು. ಶಹ ಬಂದಾಗ ಅರಸನಿಗೆ ಮೂರು ಉಪಾಯಗಳಿವೆ: ತಾನೇ ಬೇರೆ ಮನೆಗೆ ಸರಿಯುವುದು, ನಡುವೆ ಒಂದು ಕಾಯಿಯನ್ನು ಅಡ್ಡ ತರುವುದು, ಇಲ್ಲವೆ ಶಹ ಕೊಟ್ಟ ಕಾಯನ್ನೇ ಹೊಡೆಯುವುದು. ಮೂರೂ ಇಲ್ಲವಾದಾಗ ಮಾತ್ರ ಮಾತ್. ಹೊಸಬರು ಮೊದಲನೆಯದನ್ನು ಕಾಣುತ್ತಾರೆ, ಉಳಿದೆರಡನ್ನು ಎಣಿಸುವುದಿಲ್ಲ.

ಮಣೆಯ ಮೇಲಿನ ಈ ಭ್ರಮೆ ಚರಿತ್ರೆಯಲ್ಲಿಯೂ ಉಂಟೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಅದರ ನಾಯಕರು ಸ್ವತಃ ಚದುರಂಗದ ಪಂಡಿತರು ಎಂಬುದು ಸ್ವಾರಸ್ಯ. ಕನ್ನಡ ನಾಡಿನ ಅರಸರಿಗೆ ಈ ಆಟ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ರಾಜವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಾದರೋ ಅದನ್ನು ಶಾಸ್ತ್ರವನ್ನಾಗಿಯೇ ಅಭ್ಯಾಸಮಾಡಿದರು. ಅವರ ಹೆಸರಿನಲ್ಲಿ ಬಂದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಮಣೆಯನ್ನು ಸುತ್ತಿಬರುವ ಬಂಧಗಳನ್ನು ರಚಿಸುವುದರಲ್ಲಿ ಅವರು ನಿಪುಣರು.

ಒಡೆಯರು ಹುಟ್ಟಿದ್ದು ೧೭೯೪ರಲ್ಲಿ. ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದಲ್ಲಿ ಮಡಿದ ೧೭೯೯ರಲ್ಲಿಯೇ ಐದು ವರ್ಷದ ಬಾಲಕನಿಗೆ ಪಟ್ಟವಾಯಿತು. ಆಗಿನ ಕರಾರಿನಂತೆ ವರ್ಷಕ್ಕೆ ಏಳು ಲಕ್ಷ ಪಗೋಡಗಳ ಪೊಗದಿಯನ್ನು ಕಂಪೆನಿಗೆ ಒಪ್ಪಿಸಬೇಕು. ಹಣಕ್ಕೆ ಧಕ್ಕೆ ಬರುವಂತಿದ್ದರೆ ಗವರ್ನರ್ ಜನರಲನು ರಾಜ್ಯದ ಆಡಳಿತದಲ್ಲಿ ಕೈಹಾಕಬಹುದು. ಪೂರ್ಣಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆ ಬೊಕ್ಕಸ ಬರಿದಾಗುತ್ತ ಬಂದಿತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರರಿಂದ ಷರತ್ತು ಬರೆಸಿಕೊಳ್ಳುವ ಪದ್ಧತಿಯಲ್ಲಿ ರೈತರು ಹಿಂಡಿಹೋದರು. ೧೮೩೦ರಲ್ಲಿ ನಗರದ ಸೀಮೆಯಲ್ಲಿ ದಂಗೆಯೆದ್ದಿತು. ಕಾಲಾಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಟದಲ್ಲಿ ಅರಸನ ಮುಂದಿನ ಸಾಲು ಬಯಲಾಗುವುದು ಹೀಗೆಯೇ. ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ತೆಗೆದುಕೊಂಡನು. ಒಡೆಯರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ಪಗೋಡ, ನಿವ್ವಳ ಆದಾಯದ ಐದರಲ್ಲೊಂದು ಪಾಲು, ಮತ್ತು ಅರಮನೆ.

ಮಾತ್ ಆಯಿತೆಂದು ಬಹು ಜನ ತಿಳಿದರು. ಹಾಗೆ ತಿಳಿಯಲು ಕಾರಣವೂ ಇತ್ತು. ನಮ್ಮ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಳೆಯ ದಂಡೆಯಲ್ಲಿ ನಿಂತು ಯೋಚಿಸಿದರೆ ಇದು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಅಲ್ಲಿ ರಾಮೇಶ್ವರ ದೇವಾಲಯದ ಬಳಿ ಹರಿಯುವ ಕಾವೇರಿ ಬರುವುದು ಕೊಡಗಿನಿಂದ, ಹೋಗುವುದು ಮೈಸೂರಿನ ಕಡೆಗೆ. ೧೮೩೪ರಲ್ಲಿ ಅದೇ ಹೊಳೆಯ ಮೇಲುಭಾಗದಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಚಿಕ್ಕವೀರರಾಜೇಂದ್ರನು ಶರಣಾದನು, ಕಾಶಿಗೆ ಸಾಗಿಸಲ್ಪಟ್ಟನು. ೧೮೫೨ರಲ್ಲಿ ಇಂಗ್ಲೆಂಡಿಗೆ ಹೋಗಿ ೧೮೫೯ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಕೊಡಗಿಗೆ ಮತ್ತೆ ಅರಸನಾಗಲಿಲ್ಲ. ಅದು ನಿಜವಾದ ಮಾತ್. ಮೂರು ವರ್ಷಗಳ ಅಂತರದಲ್ಲಿ, ಒಂದೇ ಹೊಳೆಯ ಮೇಲೆ ಕೆಳಗೆ, ಎರಡು ಆಟಗಳು ಮುಗಿದುವೆಂದು ಜನ ಬಗೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಮುಗಿದದ್ದು ಒಂದೇ.

ಮೈಸೂರಿನ ಅರಸರಿಗೆ ಹೊಡೆಯುವ ಶಕ್ತಿಯಿರಲಿಲ್ಲ. ಆ ಉಪಾಯವನ್ನು ಬಿಟ್ಟರು. ಅಡ್ಡ ತರುವ ಉಪಾಯವನ್ನು ಹಿಡಿದರು. ಅದಕ್ಕೆ ಒದಗಿದ ಕಾಯಿ ಕರಾರೇ. ಸಾಲಕ್ಕೆ ಭದ್ರತೆಯಾಗುವಷ್ಟು ಸೀಮೆಯನ್ನು ತೆಗೆದುಕೊಳ್ಳಲು ಹಕ್ಕಿರಬಹುದು, ಇಡೀ ರಾಜ್ಯವನ್ನು ಹಿಡಿದುಕೊಳ್ಳಲು ಯಾವ ಹಕ್ಕು? ದುರಾಡಳಿತದ ವರದಿಗಳು ಅತಿಯಾಗಿದ್ದುವೆಂದು ಕಂಪೆನಿ ನೇಮಿಸಿದ ವಿಚಾರಣಾ ಸಮಿತಿಗೇ ತೋರಿತು. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಬೆಂಟಿಂಕನೇ ೧೮೩೪ರಲ್ಲಿ ಸೂಚಿಸಿದನು. ಇಂಗ್ಲೆಂಡಿನ ಮೇಲಧಿಕಾರಿಗಳು ಒಪ್ಪಲಿಲ್ಲ. ಒಡೆಯರು ಬರೆಯುವುದನ್ನು ನಿಲ್ಲಿಸಲಿಲ್ಲ.

ಎದುರಾಳಿಯೂ ಹೊಸ ಆಟಗಾರನಂತೆಯೇ ವರ್ತಿಸಿದನು. ಹಳೆಯ ಪಾರಸಿ ಆಟದಲ್ಲಿ ಅರಸನೊಬ್ಬನನ್ನೇ ಉಳಿಸಿ ಮಿಕ್ಕ ಕಾಯಿಗಳನ್ನೆಲ್ಲ ಹೊಡೆದರೂ ಗೆಲುವೆಂದು ಎಣಿಸುತ್ತಿದ್ದರು. ಡಾಲ್‌ಹೌಸಿಯು ಆ ನಿಯಮವನ್ನೇ ನಂಬಿದಂತಿತ್ತು. ೧೮೪೮ರಲ್ಲಿ ಸಾತಾರ, ೧೮೫೪ರಲ್ಲಿ ನಾಗಪುರ, ಹೀಗೆ ಔರಸಪುತ್ರರಿಲ್ಲದ ಸಂಸ್ಥಾನಗಳನ್ನು ನುಂಗಿದ ಅವನು, ಮುಪ್ಪಿನ ಮೈಸೂರರಸರು ತೀರಿಕೊಂಡೊಡನೆ ಅದೂ ತಾನಾಗಿ ಕೈಸೇರುವುದೆಂದು ಎಣಿಸಿದ್ದನು. ಅವನೇ ೧೮೫೬ರಲ್ಲಿ ಹಿಂದೂಸ್ಥಾನವನ್ನು ಬಿಟ್ಟುಹೋದನು, ೧೮೬೦ರಲ್ಲಿ ತೀರಿಕೊಂಡನು. ಒಡೆಯರು ಇನ್ನೂ ಮಣೆಯ ಮುಂದೆ ಕುಳಿತಿದ್ದರು.

೧೮೬೨ರಲ್ಲಿ ಕ್ಯಾನಿಂಗನಿಂದಲೂ ಇಲ್ಲವೆಂಬ ಉತ್ತರವೇ ಬಂದಮೇಲೆ ಉಳಿದದ್ದು ಕೊನೆಯ ಉಪಾಯ, ಅರಸನೇ ಬೇರೆ ಮನೆಗೆ ಸರಿಯುವುದು. ೧೮೬೫ರ ಜೂನ್‌ನಲ್ಲಿ, ಸರ್ಕಾರದ ಅನುಮತಿಗೆ ಕಾಯದೆ, ಬೆಟ್ಟದಕೋಟೆ ಮನೆತನದ ಎರಡು ವರ್ಷದ ಶಿಶುವನ್ನು ದತ್ತಕ್ಕೆ ತೆಗೆದುಕೊಂಡರು. ತಮಗೆ ಸಿಗದ ರಾಜ್ಯದ ಹಕ್ಕನ್ನು ತಮ್ಮ ಆಯುಸ್ಸಿನ ಆಚೆಗೆ ಒಯ್ದ ನಡೆ ಅದು. ಇಂಗ್ಲೆಂಡಿನಲ್ಲಿಯೂ ಮೇಜರ್ ಇವಾನ್ಸ್ ಬೆಲ್ ಮೊದಲಾದವರು ಮೈಸೂರಿನ ಪರವಾಗಿ ಬರೆದರು. ೧೮೬೭ರಲ್ಲಿ ದತ್ತುಪುತ್ರನಿಗೆ ಮನ್ನಣೆ ದೊರೆಯಿತು. ಮರುವರ್ಷ ಮಾರ್ಚ್ ೨೭ರಂದು ಒಡೆಯರು ಕಾಲವಾದರು. ೧೮೮೧ರ ಮಾರ್ಚ್ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ಆಡಳಿತ ಮರಳಿತು.

ಇದನ್ನು ಗೆಲುವೆಂದು ಕೊಂಡಾಡುವುದೂ ಹೊಸಬರ ಲೆಕ್ಕವೇ ಆದೀತು. ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿನ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸುವ ಕರಾರಿನ ಮೇಲೆಯೇ ರಾಜ್ಯ ಬಂದದ್ದು. ಷರತ್ತಿನ ಕಾಲದಲ್ಲಿ ಹಿಂಡಿಹೋದ ರೈತನಿಗೆ ಈ ಐವತ್ತು ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಶಹ ಸುಳ್ಳಾಗಿರಲಿಲ್ಲ, ಅದನ್ನು ತಂದುಕೊಂಡ ತಪ್ಪುಗಳೂ ಸುಳ್ಳಲ್ಲ. ಸುಳ್ಳಾದದ್ದು "ಮುಗಿಯಿತು" ಎಂಬ ಕೂಗು ಮಾತ್ರ.

ನಮ್ಮ ಚರಿತ್ರೆಯ ಪಾಠಗಳಲ್ಲಿ ೧೮೩೧ನ್ನು ಒಂದು ಅಧ್ಯಾಯದ ಕಡೆಯ ಸಾಲಾಗಿ ಓದಿ ಪುಟ ಮಗುಚುವ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟೆ: ಇಸವಿಯನ್ನು ಉರುಹಚ್ಚುವ ಮೊದಲು ಮಣೆಯನ್ನೊಮ್ಮೆ ನೋಡಿ. ಸರಿಯಲು ಮನೆಯುಂಟೇ? ಅಡ್ಡಬರಲು ಕಾಯಿಯುಂಟೇ? ಹೊಡೆಯಲು ಕೈಯುಂಟೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದ ಮೇಲೆ ಮಾತ್ ಎನ್ನಿ. ಅಲ್ಲಿಯವರೆಗೆ ಅದು ಬರಿಯ ಶಹ. ಮುಂದಿನ ನಡೆ ಇನ್ನೂ ಅರಸನದೇ.