ಬಾಲ್ ಪೈಥಾನ್ ಸಂತಾನವೃದ್ಧಿ: ಆರಂಭಿಸುವ ಮುನ್ನ ಅರಿಯಬೇಕಾದ ಸಂಗತಿಗಳು

ನಾಗರಪಂಚಮಿಯಂದು ಊರಿನ ನಾಗಬನಕ್ಕೆ ಹಾಲು, ಎಳನೀರಿನ ತನು ಸಲ್ಲಿಸುವ ನಮ್ಮ ಮುಂಬಯಿ ತುಳು-ಕನ್ನಡಿಗರ ಮನೆಗಳಲ್ಲಿ ಹಾವೆಂದರೆ ಭಯ, ಭಕ್ತಿಗಳೆರಡೂ ಬೆರೆತ ಭಾವ. ಇಂತಹ ಮನೆಗಳಲ್ಲಿಯೇ ಬೆಳೆದ ಮಕ್ಕಳು ಇಂದು ಹಾವನ್ನು ಸಾಕುವ, ಮರಿ ಮಾಡಿಸುವ ಮಾತನ್ನಾಡಿದರೆ ಹಿರಿಯರಿಗೆ ದಿಗಿಲಾಗುವುದು ಸಹಜ. ಗದರಿಸಿ ಬಾಯಿ ಮುಚ್ಚಿಸುವುದಕ್ಕಿಂತ ವಿಷಯವನ್ನರಿತು ಮಾತನಾಡುವುದು ಲೇಸೆಂದು ಭಾವಿಸಿ ಈ ಮಾಹಿತಿಯನ್ನು ಓದುಗರ ಮುಂದಿಡುತ್ತಿದ್ದೇವೆ.

ಹಾವಿನ ಪರಿಚಯ

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಬ್ಬಾವು. ಇದರ ಶಾಸ್ತ್ರೀಯ ನಾಮ ಪೈಥಾನ್ ರೀಜಿಯಸ್. ಬೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಈ ಹೆಸರು ಬಂದಿದೆ. ವಿಷವಿಲ್ಲ, ಬೆಳೆದಾಗ ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು 2020ರಲ್ಲಿ, 60 ವರ್ಷ ದಾಟಿದ ಪ್ರಾಯದಲ್ಲಿ, 7 ಮೊಟ್ಟೆಗಳನ್ನಿಟ್ಟಿತು. ಇಂದು ತಂದ ಹಾವು ಮಕ್ಕಳ ಓದು, ಉದ್ಯೋಗ, ಮದುವೆಗಳ ನಂತರವೂ ಮನೆಯಲ್ಲಿರುತ್ತದೆ ಎಂಬುದನ್ನು ಮೊದಲೇ ಮನಗಾಣಬೇಕು.

ನಮ್ಮ ದೇಶದ ಹೆಬ್ಬಾವು, ಅಂದರೆ ಪೈಥಾನ್ ಮೊಲುರಸ್, ಬೇರೆಯೇ ಜೀವಿ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಇದು ನೆಲೆಸಿದೆ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಇದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ನಾಗರಹಾವಿಗೂ ಇದೇ ಮಾತು ಅನ್ವಯಿಸುತ್ತದೆ.

ಮೊದಲು ಕಾಗದಪತ್ರ

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಗೆ 2022ರಲ್ಲಾದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಹೆಸರಿಸಿದ ಪರದೇಶದ ಪ್ರಾಣಿಗಳನ್ನು ಈ ತಿದ್ದುಪಡಿ ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಬಾಲ್ ಪೈಥಾನ್ ಆ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳಂತೆ, ಇಂತಹ ಪ್ರಾಣಿ ಕೈಗೆ ಬಂದ 30 ದಿನಗಳೊಳಗೆ ಕೇಂದ್ರ ಸರಕಾರದ 'ಪರಿವೇಶ್' ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಮರಿ ಹುಟ್ಟಿದರೂ, ಹಾವು ಸತ್ತರೂ, ಇನ್ನೊಬ್ಬರಿಗೆ ಕೊಟ್ಟರೂ ವರದಿ ಮಾಡಬೇಕು.

ಆದುದರಿಂದ ತಂದೆ-ತಾಯಿ ಹಾವುಗಳ ಮೂಲ ಸ್ಪಷ್ಟವಿಲ್ಲದಿದ್ದರೆ ಮರಿಗಳ ಮೂಲವೂ ಸ್ಪಷ್ಟವಿರದು. ಇದು ಕೇವಲ ಔಪಚಾರಿಕತೆಯಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಹಾಗೂ 6 ಕೋತಿಗಳು ಸಿಕ್ಕಿದವು; ಕೋತಿಗಳು ಸತ್ತಿದ್ದವು. ಅದೇ ಡಿಸೆಂಬರಿನಲ್ಲಿ ನಮ್ಮ ಮುಂಬಯಿ ವಿಮಾನ ನಿಲ್ದಾಣದಲ್ಲಿಯೂ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬಳಿ 9 ಬಾಲ್ ಪೈಥಾನ್‌ಗಳು ಪತ್ತೆಯಾದವು. ಕಾಗದವಿಲ್ಲದೆ ಅಗ್ಗಕ್ಕೆ ದೊರೆಯುವ ಹಾವು ಇಂತಹ ಪೆಟ್ಟಿಗೆಯೊಂದರಿಂದಲೇ ಬಂದಿರಬಹುದು.

ಜೋಡಿ ಮತ್ತು ಋತು

ಹೆಣ್ಣಿಗೆ ಸುಮಾರು 3 ವರ್ಷ ಪ್ರಾಯ ಹಾಗೂ 1,500 ಗ್ರಾಂ ತೂಕವಾಗುವ ತನಕ ಜೋಡಿ ಮಾಡಬಾರದು. ಗಂಡು ಇದಕ್ಕಿಂತ ಬೇಗನೆ, ಸುಮಾರು 600-700 ಗ್ರಾಂ ತೂಕದಲ್ಲಿ, ಸಿದ್ಧವಾಗುತ್ತದೆ. ಹೊಸ ಹಾವನ್ನು ಕೆಲವು ತಿಂಗಳು ಪ್ರತ್ಯೇಕವಾಗಿಟ್ಟು, ಉಣ್ಣಿ, ಉಸಿರಾಟದ ತೊಂದರೆಗಳಿಲ್ಲವೆಂದು ಸರೀಸೃಪಗಳ ಅನುಭವವುಳ್ಳ ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಅಂತಹ ವೈದ್ಯರು ವಿರಳ. ಹಾವನ್ನು ತರುವ ಮೊದಲೇ ಅವರನ್ನು ಹುಡುಕಿಟ್ಟುಕೊಳ್ಳುವುದು ಕ್ಷೇಮ.

ಗೂಡಿನ ಬಿಸಿ ಬದಿ 31-32 ಡಿಗ್ರಿ, ತಂಪು ಬದಿ 25-27 ಡಿಗ್ರಿ ಸೆಲ್ಸಿಯಸ್ ಇರಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಜೋಡಿಗೆ ತಕ್ಕ ಕಾಲ. ಈ ಅವಧಿಯಲ್ಲಿ ಅವು ಆಹಾರ ಬಿಡುವುದು ಸಾಮಾನ್ಯ. ಆಹಾರವೆಂದರೆ ಇಲಿ, ಅದೂ ಶೀತಲಪೆಟ್ಟಿಗೆಯಲ್ಲಿಟ್ಟು ಕರಗಿಸಿ ಕೊಡುವ ಇಲಿ. ಸಸ್ಯಾಹಾರಿ ಮನೆಗಳಲ್ಲಿ ಇದಕ್ಕೆ ಎಲ್ಲರ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.

ಮೊಟ್ಟೆ, ಕಾವು, ಮರಿ

ಮೊಟ್ಟೆಯಿಡುವ ಸುಮಾರು ಒಂದು ತಿಂಗಳ ಮೊದಲು ಹೆಣ್ಣು ಪೊರೆ ಕಳಚುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ 4ರಿಂದ 8 ಮೊಟ್ಟೆಗಳು. ಕೋಳಿಮೊಟ್ಟೆಯಂತೆ ಇವನ್ನು ತಿರುಗಿಸಬಾರದು. ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಇದ್ದಂತೆಯೇ ಕಾವುಪೆಟ್ಟಿಗೆಗೆ ಸಾಗಿಸಬೇಕು. 31-32 ಡಿಗ್ರಿ ಶಾಖ ಹಾಗೂ ತುಂಬು ತೇವಾಂಶದಲ್ಲಿ 55-60 ದಿನಗಳಿಗೆ ಮರಿಗಳು ಹೊರಬರುತ್ತವೆ.

ಈ ಲೆಕ್ಕದಂತೆ ಕಾವಿನ ದಿನಗಳು ಮುಂಬಯಿಯ ಮಳೆಗಾಲದೊಳಗೆ ಬರುವುದುಂಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಹಲವು ಉಪನಗರಗಳು ದಿನಗಟ್ಟಲೆ ಕತ್ತಲಲ್ಲಿದ್ದುದನ್ನು ನಾವು ಮರೆತಿಲ್ಲ. ವಿದ್ಯುತ್ ಹೋದಾಗ ಪೆಟ್ಟಿಗೆಯ ಶಾಖ ಉಳಿಸುವ ಬದಲಿ ವ್ಯವಸ್ಥೆಯಿಲ್ಲದೆ ಕಾವಿಗಿಡುವುದು ಸಲ್ಲದು.

ಹುಟ್ಟಿದ ಮರಿಗಳನ್ನು ಒಂದೊಂದಾಗಿ ಬೇರೆಬೇರೆ ಇರಿಸಬೇಕು. ಮೊದಲ ಪೊರೆ ಬಿಟ್ಟ ಬಳಿಕ ಆಹಾರ ಕೊಡಬೇಕು. ಹಲವು ಸಲ ತಾನಾಗಿ ತಿಂದ ಮರಿಯನ್ನು ಮಾತ್ರ ಇನ್ನೊಬ್ಬರಿಗೆ ಒಪ್ಪಿಸಬಹುದು. ಮೊಟ್ಟೆಯಿಟ್ಟು ಸೊರಗಿದ ತಾಯಿಗೆ ಮತ್ತೆ ಪೂರ್ಣ ತೂಕ ಬರುವ ತನಕ ವಿಶ್ರಾಂತಿ ಅಗತ್ಯ. ಹಾವನ್ನು ಮುಟ್ಟಿದ ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ ಸೋಂಕು ಎಳೆಯ ಮಕ್ಕಳಿಗೆ ಅಪಾಯಕಾರಿ.

ಬಣ್ಣದ ಬೆಲೆ

ಬಿಳಿಚು (ಆಲ್ಬಿನೊ) ತಳಿ ವಂಶಪಾರಂಪರ್ಯವೆಂದು 1992ರಲ್ಲಿ ಅಮೆರಿಕದಲ್ಲಿ ಸಿದ್ಧವಾದಂದಿನಿಂದ ಬಣ್ಣಬಣ್ಣದ ತಳಿಗಳ ವ್ಯಾಪಾರ ಬೆಳೆಯಿತು. ಆದರೆ 'ಸ್ಪೈಡರ್' ಎಂಬ ಸುಂದರ ತಳಿಯ ಹಾವುಗಳಿಗೆ ಹುಟ್ಟಿನಿಂದಲೇ ತಲೆ ನಡುಗುವ, ಆಯ ತಪ್ಪುವ ದೋಷವಿದೆ. ಆ ಬಣ್ಣವನ್ನೂ ಈ ದೋಷವನ್ನೂ ಬೇರ್ಪಡಿಸಲಾಗಿಲ್ಲ. ಇಂತಹ ತಳಿಯನ್ನು ಬೆಳೆಸದಿರುವುದೇ ಹೊಣೆಗಾರಿಕೆ.

ಕೊನೆಯ ಲೆಕ್ಕ

ಒಂದು ಸಲದ 6 ಮರಿಗಳು 25 ವರ್ಷ ಬದುಕಿದರೆ ಒಟ್ಟು 150 ವರ್ಷಗಳ ಆರೈಕೆಯಾಯಿತು. ಎರಡು ಕೋಣೆಯ ಮನೆ, ಹೌಸಿಂಗ್ ಸೊಸೈಟಿಯ ನೆರೆಹೊರೆ, ನಾಳೆ ಪರದೇಶಕ್ಕೆ ಹೋಗಲಿರುವ ಮಗ, ಇವೆಲ್ಲವನ್ನೂ ಈ ಲೆಕ್ಕದೆದುರು ಇಟ್ಟು ನೋಡಬೇಕು. ಸಾಕಲಾಗದ ಹಾವನ್ನು ಬೊರಿವಲಿಯ ಕಾಡಿಗೋ ಆರೆ ಕಾಲನಿಯ ಪೊದೆಗೋ ಬಿಡುವುದು ಪುಣ್ಯಕಾರ್ಯವಲ್ಲ. ಆ ಹಾವು ಅಲ್ಲಿ ಸಾಯಬಹುದು, ಇಲ್ಲವೇ ಅಲ್ಲಿನ ಹಾವುಗಳಿಗೆ ರೋಗ ಅಂಟಿಸಬಹುದು. ಅರಣ್ಯ ಇಲಾಖೆಗೆ ತಿಳಿಸಿ ಅದರ ಸೂಚನೆಯಂತೆ ನಡೆಯುವುದೇ ಸರಿಯಾದ ಹಾದಿ.

ಆಸಕ್ತ ಮಕ್ಕಳಿಗೆ ನಮ್ಮ ಸಲಹೆ ಇಷ್ಟೇ: ನೋಂದಣಿಯಾದ ಒಂದೇ ಹಾವನ್ನು ಮೂರು ಮಳೆಗಾಲ ಆರೋಗ್ಯವಾಗಿ ಸಾಕಿ ನೋಡಿರಿ. ಅನಂತರವೂ ಪ್ರತಿಯೊಂದು ಮರಿಗೂ ಮನೆ ಗೊತ್ತಾಗಿದ್ದರೆ ಮಾತ್ರ ಜೋಡಿಯ ಯೋಚನೆ ಮಾಡಿರಿ. ಹಿರಿಯರೂ ಈ ಮಾತನ್ನು ಮಕ್ಕಳೊಡನೆ ಕುಳಿತು ಚರ್ಚಿಸಬೇಕೆಂದು ನಮ್ಮ ವಿನಂತಿ.