ಒಂದೇ ಕೇಸು, ಮೂರು ಹಣೆಬರಹ

ಘೋರ ಅಪರಾಧವೊಂದು ನಡೆದಾಗಲೆಲ್ಲ ಒಂದು ಮಾತು ಕೇಳಿಬರುತ್ತೆ: "ಇಂಥವನಿಗೂ ಒಬ್ಬ ವಕೀಲ ಬೇಕಾ?" ಆಗೆಲ್ಲ ನನಗೆ ನೆನಪಾಗೋದು ಹರಬನ್ಸ್ ಸಿಂಗ್ ಕೇಸು. ಕಾನೂನು ಓದಿದವರಿಗೆ ಇದು ಹಳೇ ಕಥೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಬಹುಶಃ ಹೊಸದು, ಅದಕ್ಕೇ ಬರೀತಿದೀನಿ.

ಉತ್ತರ ಪ್ರದೇಶದ ಪಿಲಿಭಿತ್‌ನಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯಾಗಿತ್ತು. ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರಬನ್ಸ್ ಸಿಂಗ್ ಮೂವರಿಗೂ 1975ರ ಮೇ ತಿಂಗಳಲ್ಲಿ ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಪರಾಧದಲ್ಲಿ ಮೂವರ ಪಾಲೂ ಒಂದೇ.

ಆಮೇಲೆ ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿಗಳು ಹೋಗಿದ್ದು ಬೇರೆ ಬೇರೆ ನ್ಯಾಯಪೀಠಗಳ ಮುಂದೆ. ಜೀತಾ ಸಿಂಗ್ ಅರ್ಜಿ 1976ರಲ್ಲಿ ವಜಾ ಆಯಿತು. ಕಶ್ಮೀರಾ ಸಿಂಗ್‌ನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಹರಬನ್ಸ್ ಅರ್ಜಿ 1978ರಲ್ಲಿ ವಜಾ, ಮರುಪರಿಶೀಲನಾ ಅರ್ಜಿ 1980ರಲ್ಲಿ ವಜಾ, 1981ರಲ್ಲಿ ರಾಷ್ಟ್ರಪತಿಗಳಿಂದ ಕ್ಷಮಾದಾನವೂ ಇಲ್ಲ. ಒಂದೇ ಇನ್‌ಪುಟ್, ಬೇರೆ ಬೇರೆ ಔಟ್‌ಪುಟ್! ನಮ್ಮ ಆಫೀಸಿನಲ್ಲಾಗಿದ್ದರೆ ರಾತ್ರಿಯೆಲ್ಲಾ ಕೂತು ಡೀಬಗ್ ಮಾಡ್ತಿದ್ವಿ.

ಜೀತಾ, ಹರಬನ್ಸ್ ಇಬ್ಬರನ್ನೂ 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಬೇಕಿತ್ತು. ಅಷ್ಟರಲ್ಲಿ ಹರಬನ್ಸ್ ಪರವಾಗಿ ಸುಪ್ರೀಂ ಕೋರ್ಟಿಗೆ ಒಂದು ರಿಟ್ ಅರ್ಜಿ ಹೋಯಿತು. ಅವನಿಗೆ ತಡೆಯಾಜ್ಞೆ ಸಿಕ್ಕಿತು. ಜೀತಾ ಸಿಂಗ್ ಹಾಗೆ ಅರ್ಜಿ ಹಾಕಿರಲಿಲ್ಲ. ಅವನನ್ನು ಅದೇ ದಿನ ಗಲ್ಲಿಗೇರಿಸಿದರು... ಕಶ್ಮೀರಾನ ಶಿಕ್ಷೆ ಇಳಿದು ಆಗಲೇ ನಾಲ್ಕು ವರ್ಷ ದಾಟಿತ್ತು.

1982ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಇದ್ದ ಪೀಠ ಹರಬನ್ಸ್ ಅರ್ಜಿಯ ತೀರ್ಪು ಕೊಟ್ಟಿತು. ಅವನ ಶಿಕ್ಷೆ ಇಳಿಸುವ ಬಗ್ಗೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಜೊತೆಗೆ ತನ್ನದೇ ಕಚೇರಿಯ ಲೋಪವನ್ನೂ ಎತ್ತಿ ತೋರಿಸಿತು: ಕಶ್ಮೀರಾನ ಶಿಕ್ಷೆ ಇಳಿದ ವಿಷಯವನ್ನು ರಿಜಿಸ್ಟ್ರಿ ತನ್ನ ವರದಿಯಲ್ಲಿ ಹೇಳಬೇಕಿತ್ತು. ಇನ್ನು ಮುಂದೆ ಯಾರನ್ನಾದರೂ ಗಲ್ಲಿಗೇರಿಸುವ ಮೊದಲು, ಸಹ ಆರೋಪಿಗಳ ಶಿಕ್ಷೆ ಇಳಿದಿದೆಯಾ ಅಂತ ಜೈಲು ಸೂಪರಿಂಟೆಂಡೆಂಟ್ ಸ್ವತಃ ವಿಚಾರಿಸಬೇಕು ಅಂತ ಸೂಚಿಸಿತು. ಅದೇ ವರ್ಷ ಆಗಸ್ಟಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ಬಚನ್ ಸಿಂಗ್ ಕೇಸಿನ ತಮ್ಮ ಭಿನ್ನ ತೀರ್ಪಿನಲ್ಲಿ ಗಲ್ಲು ಶಿಕ್ಷೆ ಎಷ್ಟು ಮನಬಂದಂತೆ ಬೀಳುತ್ತೆ ಅನ್ನೋದಕ್ಕೆ ಇದನ್ನೇ ಉದಾಹರಣೆಯಾಗಿ ಕೊಟ್ಟರು.

ನಮ್ಮ ಕರ್ನಾಟಕದ್ದೇ ಒಂದು ಕೇಸು ನೋಡಿ. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ಕೋರ್ಟು ಕೊಟ್ಟಿದ್ದು ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾಗಿದ್ದು 2013ರ ಫೆಬ್ರವರಿಯಲ್ಲಿ, ಒಂಬತ್ತು ವರ್ಷ ಕಳೆದ ಮೇಲೆ! ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಅವರ ಪರ ವಕೀಲರು ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. 2014ರ ಜನವರಿ 21ರ ತೀರ್ಪಿನಲ್ಲಿ, ವಿಳಂಬದ ಕಾರಣಕ್ಕೆ, ಅವರ ಶಿಕ್ಷೆ ಜೀವಾವಧಿಗೆ ಇಳಿಯಿತು. ಕ್ಷಮಾದಾನ ತಿರಸ್ಕೃತವಾದ ಮೇಲೂ ಕೈದಿಗೆ ಉಚಿತ ಕಾನೂನು ನೆರವು ಸಿಗಬೇಕು, ಆ ಸುದ್ದಿ ತಲುಪಿಸಿ ಕನಿಷ್ಠ 14 ದಿನ ಆಗುವವರೆಗೂ ಗಲ್ಲಿಗೇರಿಸಬಾರದು ಅಂತಲೂ ಅದೇ ತೀರ್ಪು ಹೇಳಿತು.

ಆ 22 ಜನರ ಮನೆಯವರಿಗೆ ಇದು ನ್ಯಾಯ ಅನ್ನಿಸಿರಲಿಕ್ಕಿಲ್ಲ. ಅವರ ಸಂಕಟದ ಮುಂದೆ ವಾದ ಮಾಡೋ ಧೈರ್ಯ ನನಗಿಲ್ಲ. ಆದರೆ ಗಮನಿಸಿ, ಈ ಎರಡೂ ಕೇಸುಗಳಲ್ಲಿ ವಕೀಲರು ಯಾರನ್ನೂ ಜೈಲಿಂದ ಬಿಡಿಸಿಕೊಂಡು ಹೋಗಲಿಲ್ಲ. ಕೋರ್ಟಿನ ಕಣ್ಣಿಗೆ ಬೀಳದೆ ಉಳಿದಿದ್ದನ್ನು ಹೊತ್ತು ಮೀರುವ ಮೊದಲು ಅದರ ಮುಂದಿಟ್ಟರು, ಅಷ್ಟೆ.

ಅಷ್ಟನ್ನು ಮಾಡೋರು ಜೀತಾ ಸಿಂಗ್‌ಗೆ ಆ ಅಕ್ಟೋಬರಿನಲ್ಲಿ ಯಾರೂ ಇರಲಿಲ್ಲ. ಈಗ ಹೇಳಿ, ಇಂಥವನಿಗೂ ವಕೀಲ ಬೇಕಾ, ಬೇಡವಾ?